ಪಟ್ಟಿಯಲ್ಲಿಲ್ಲದ ಸಂಸ್ಥೆ: ವಿಶ್ವವಿದ್ಯಾಲಯಗಳ ಜಾಗತಿಕ ಶ್ರೇಯಾಂಕ ಮತ್ತು ಕರಾವಳಿಯ ಒಂದು ಕುಟುಂಬದ ತೀರ್ಮಾನ

ಹಿನ್ನೆಲೆ

ಉತ್ತರ ಕನ್ನಡದ ಕರಾವಳಿ ತಾಲ್ಲೂಕೊಂದರ ಪದವಿ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಕಾಲೇಜಿನ ಉನ್ನತ ಶಿಕ್ಷಣ ಮಾರ್ಗದರ್ಶನ ಘಟಕದ ಹೊಣೆಯೂ ನನ್ನ ಮೇಲಿದೆ. 2023ರಲ್ಲಿ ಆ ಘಟಕಕ್ಕೆ ಬಂದ ಒಂದು ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕುಟುಂಬದ ಒಪ್ಪಿಗೆ ಪಡೆದಿದ್ದೇನೆ. ಊರು, ಹೆಸರು, ವಿದೇಶಿ ವಿಶ್ವವಿದ್ಯಾಲಯ, ವಿದ್ಯಾರ್ಥಿನಿ ಕೊನೆಗೆ ಸೇರಿದ ಸಂಸ್ಥೆ ಯಾವುದನ್ನೂ ಹೇಳಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರಗಳಲ್ಲಿ ಎಷ್ಟೋ ಮನೆಗಳು ಪ್ರತಿ ವರ್ಷ ಮಕ್ಕಳನ್ನು ಮುಂದೆ ಓದಲು ಎಲ್ಲಿಗೆ ಕಳಿಸಬೇಕು ಎಂಬ ಇದೇ ಪ್ರಶ್ನೆಯ ಮುಂದೆ ನಿಲ್ಲುತ್ತಿವೆ. ಅವರ ಕೈಯಲ್ಲಿರುವ ಆಧಾರ ಬಹುತೇಕ ಒಂದೇ ಒಂದು ಸಂಖ್ಯೆ, ವಿಶ್ವವಿದ್ಯಾಲಯದ ಜಾಗತಿಕ ಶ್ರೇಯಾಂಕ.

ವಿದ್ಯಾರ್ಥಿನಿಯ ಮನೆಯವರು ಸೀಬರ್ಡ್ ನಿರಾಶ್ರಿತರು. ಕಾರವಾರದ ನೌಕಾನೆಲೆಗಾಗಿ ಕಡಲಂಚಿನ ಮನೆ ಬಿಟ್ಟು ಪುನರ್ವಸತಿ ಕಾಲೊನಿಗೆ ಬಂದವರು. ತಂದೆ ಹರೆಯದಲ್ಲಿ ಮೀನುಗಾರಿಕೆ ದೋಣಿಯಲ್ಲಿದ್ದರು. ಈಗ ಮಂಜುಗಡ್ಡೆ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ತಾಯಿ ಬಟ್ಟೆ ಹೊಲಿಯುತ್ತಾರೆ. ಕಾಲೊನಿಯ ನಿವೇಶನದಲ್ಲಿ ಕಟ್ಟಿದ ಮನೆಯೊಂದೇ ಅವರ ಆಸ್ತಿ. ಹುಡುಗಿ ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಸಾಗರ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದಳು. ಅವಳ ಪ್ರಬಂಧ ಅಘನಾಶಿನಿ ಅಳಿವೆಯ ಚಿಪ್ಪಿಕಲ್ಲಿನ ಕುರಿತಾಗಿತ್ತು. ಇಳಿತದ ಹೊತ್ತಿಗೆ ಕೆಸರಿಗಿಳಿದು ಚಿಪ್ಪಿಕಲ್ಲು ಆರಿಸುವ ಹೆಂಗಸರ ಜೊತೆಗೇ ನಿಂತು ಮಾದರಿಗಳನ್ನು ಸಂಗ್ರಹಿಸಿದ್ದಳು. ಆ ಪ್ರಬಂಧವನ್ನು ಓದಿದವರಿಗೆ ಇವಳು ಸಂಶೋಧನೆಗೆ ಹೇಳಿ ಮಾಡಿಸಿದವಳು ಎಂಬುದರಲ್ಲಿ ಅನುಮಾನ ಉಳಿಯುತ್ತಿರಲಿಲ್ಲ.

ಸಮಸ್ಯೆ

ಕೊಲ್ಲಿ ದೇಶದಲ್ಲಿರುವ ಸೋದರಮಾವ ಅವಳನ್ನು ವಿದೇಶದಲ್ಲಿ ಓದಿಸಬೇಕೆಂದು ಹಠ ಹಿಡಿದಿದ್ದರು. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಒಬ್ಬ ಶಿಕ್ಷಣ ಏಜೆಂಟರ ಮೂಲಕ ಅರ್ಜಿಗಳು ಹೋದವು. ಏಜೆಂಟರು ಮೊದಲೇ ಒಂದು ಗೆರೆ ಎಳೆದಿದ್ದರು: ಕ್ಯೂಎಸ್ ಎಂಬ ಬ್ರಿಟಿಷ್ ಕಂಪನಿ ಪ್ರತಿ ವರ್ಷ ಪ್ರಕಟಿಸುವ ಜಾಗತಿಕ ಶ್ರೇಯಾಂಕ ಪಟ್ಟಿಯ ಮೊದಲ 200ರೊಳಗಿನ ವಿಶ್ವವಿದ್ಯಾಲಯಗಳಿಗೆ ಮಾತ್ರ ಅರ್ಜಿ. ಏಪ್ರಿಲ್‌ನಲ್ಲಿ ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಿಂದ ಪ್ರವೇಶ ಪತ್ರ ಬಂತು. ಆಗಿನ ಪಟ್ಟಿಯಲ್ಲಿ ಅದು 150ರ ಒಳಗಿತ್ತು. ಕೋರ್ಸು ಒಂದು ವರ್ಷದ್ದು, ಸಾಗರ ಪರಿಸರ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ.

ಶುಲ್ಕ 27,000 ಪೌಂಡ್. ಪೌಂಡಿನ ಬೆಲೆ ಆಗ ನೂರು ರೂಪಾಯಿ ದಾಟಿತ್ತು. ಲಂಡನ್ ಹೊರಗೆ ಓದುವವರು ವೀಸಾಕ್ಕಾಗಿ ತಿಂಗಳಿಗೆ 1,023 ಪೌಂಡಿನಂತೆ ಒಂಬತ್ತು ತಿಂಗಳ ಜೀವನವೆಚ್ಚವನ್ನು ಬ್ಯಾಂಕಿನಲ್ಲಿ ತೋರಿಸಬೇಕಿತ್ತು. ವಿಮಾನ, ಆರೋಗ್ಯ ಶುಲ್ಕ, ಮನೆ ಬಾಡಿಗೆ ಎಲ್ಲ ಸೇರಿ ಲೆಕ್ಕ 40 ಲಕ್ಷ ರೂಪಾಯಿಯ ಹತ್ತಿರ ಬಂತು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷ ಮೀರಿದರೆ ಆಸ್ತಿ ಭದ್ರತೆ ಬೇಕು. ಅಂದರೆ ಒಮ್ಮೆ ನೆಲೆ ಕಳೆದುಕೊಂಡು ಪಡೆದ ಮನೆಯನ್ನು ಅಡವಿಡಬೇಕು.

ಮಾವನ ವಾದ ಹೀಗಿತ್ತು: "ಭಾವ, ನಮ್ಮ ದೇಶದ ಒಂದು ವಿಶ್ವವಿದ್ಯಾಲಯವೂ ವಿಶ್ವದ ಮೊದಲ ನೂರರಲ್ಲಿ ಇಲ್ಲ. ಇಲ್ಲೇ ಓದಿದರೆ ಅವಳಿಗೆ ಏನು ಸಿಗುತ್ತದೆ?" ಮಾತಿನ ಮೊದಲರ್ಧ ಸರಿಯಾಗಿತ್ತು. ಆ ವರ್ಷ ಚಾಲ್ತಿಯಲ್ಲಿದ್ದ ಕ್ಯೂಎಸ್ ಪಟ್ಟಿಯಲ್ಲಿ ಭಾರತದ ಅತ್ಯುತ್ತಮ ಸ್ಥಾನ 155, ಅದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಎರಡನೆಯ ಅರ್ಧ ಮೊದಲರ್ಧದಿಂದ ಹೊರಡುತ್ತದೆಯೇ ಎಂಬುದೇ ಈ ಪ್ರಕರಣದ ತಿರುಳು.

ಹುಡುಗಿಗೆ ಇನ್ನೊಂದು ದಾರಿಯೂ ಇತ್ತು. ಸಂಶೋಧನಾ ಶಿಷ್ಯವೇತನಕ್ಕೂ ಅಧ್ಯಾಪಕ ಹುದ್ದೆಯ ಅರ್ಹತೆಗೂ ನಡೆಯುವ ರಾಷ್ಟ್ರಮಟ್ಟದ ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು) ನೆಟ್ ಪರೀಕ್ಷೆಯನ್ನು ಜೂನ್‌ನಲ್ಲಿ ಬರೆದಿದ್ದಳು. ಪಶ್ಚಿಮ ಕರಾವಳಿಯ ಒಂದು ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ, ಕಡಲ ತಳದ ಜೀವಿಗಳ ಕುರಿತ ಯೋಜನೆಯೊಂದಕ್ಕೆ ಸಹಾಯಕರು ಬೇಕಾಗಿದ್ದಾರೆ ಎಂದು ಅವಳ ಎಂ.ಎಸ್ಸಿ. ಪ್ರಾಧ್ಯಾಪಕರು ತಿಳಿಸಿದ್ದರು. ಮನೆಯಲ್ಲಿ ಅದನ್ನು ಯಾರೂ ಗಣನೆಗೆ ತೆಗೆದುಕೊಂಡಿರಲಿಲ್ಲ. ಮಾವ ಮೊಬೈಲಿನಲ್ಲಿ ಹುಡುಕಿ ನೋಡಿದ್ದರು. ಆ ಸಂಸ್ಥೆಯ ಹೆಸರು ಸಾವಿರದಾಚೆಗೂ ಸಿಕ್ಕಿರಲಿಲ್ಲ.

ತಂದೆ ನನ್ನಲ್ಲಿಗೆ ಬಂದದ್ದು ಆಗ. "ಮಾಸ್ತರೇ, ಮನೆ ಅಡವಿಡುವುದಕ್ಕೆ ನನಗೆ ಹೆದರಿಕೆ ಇಲ್ಲ. ಪಟ್ಟಿಯಲ್ಲೇ ಇಲ್ಲದ ಜಾಗಕ್ಕೆ ಕಳಿಸಿದಿರಿ ಎಂದು ನಾಳೆ ಮಗಳೇ ಹೇಳಬಾರದು, ಅಷ್ಟೇ" ಎಂದರು.

ಸಂಖ್ಯೆಯನ್ನು ಬಿಡಿಸಿ ನೋಡಿದ್ದು

ಅವರ ಮನೆಯಲ್ಲೇ ಕುಳಿತು ಕ್ಯೂಎಸ್‌ನ ನೂರು ಅಂಕ ಎಲ್ಲೆಲ್ಲಿಂದ ಬರುತ್ತದೆ ಎಂದು ಬರೆದೆವು. ಆಗಿನ ಸೂತ್ರದಲ್ಲಿ 40 ಅಂಕ ವಿದ್ವಾಂಸರ ಅಭಿಪ್ರಾಯಕ್ಕೆ, 10 ಉದ್ಯೋಗದಾತರ ಅಭಿಪ್ರಾಯಕ್ಕೆ, 20 ಅಧ್ಯಾಪಕ–ವಿದ್ಯಾರ್ಥಿ ಅನುಪಾತಕ್ಕೆ, 20 ಪ್ರತಿ ಅಧ್ಯಾಪಕರ ಸಂಶೋಧನೆಗೆ ಬೇರೆ ಸಂಶೋಧಕರ ಲೇಖನಗಳಲ್ಲಿ ಸಿಕ್ಕ ಉಲ್ಲೇಖಗಳಿಗೆ, ತಲಾ 5 ವಿದೇಶಿ ಅಧ್ಯಾಪಕರಿಗೆ ಮತ್ತು ವಿದೇಶಿ ವಿದ್ಯಾರ್ಥಿಗಳಿಗೆ. ಒಂದೊಂದರ ಮುಂದೆಯೂ ಒಂದೇ ಪ್ರಶ್ನೆ ಇಟ್ಟೆವು: ಈ ಅಂಕ ನಮ್ಮ ಹುಡುಗಿ ಅಲ್ಲಿ ಕಳೆಯುವ ಒಂದು ವರ್ಷವನ್ನು ಮುಟ್ಟುತ್ತದೆಯೇ?

ಅಭಿಪ್ರಾಯದ ಅಂಕ ಬರುವುದು ಸಮೀಕ್ಷೆಯಿಂದ. ಜಗತ್ತಿನ ಪ್ರಾಧ್ಯಾಪಕರನ್ನು ಅವರವರ ಕ್ಷೇತ್ರದಲ್ಲಿ ಒಳ್ಳೆಯ ಸಂಶೋಧನೆ ನಡೆಸುವ ಸಂಸ್ಥೆಗಳನ್ನು ಹೆಸರಿಸಿ ಎಂದು ಕೇಳುತ್ತಾರೆ. ತಮ್ಮ ದೇಶದ ಹತ್ತು, ಹೊರಗಿನ ಮೂವತ್ತರವರೆಗೆ ಹೆಸರಿಸಬಹುದು. ಹಳೆಯ, ದೊಡ್ಡ, ಇಂಗ್ಲಿಷ್‌ನಲ್ಲಿ ಕೆಲಸ ಮಾಡುವ ವಿಶ್ವವಿದ್ಯಾಲಯಗಳು ಬೇಗ ನೆನಪಿಗೆ ಬರುವುದು ಸಹಜ. ಅಧ್ಯಾಪಕ–ವಿದ್ಯಾರ್ಥಿ ಅನುಪಾತ ಇಡೀ ವಿಶ್ವವಿದ್ಯಾಲಯದ್ದು, ಅದರ ವೈದ್ಯಕೀಯ ವಿಭಾಗವೂ ಸೇರಿ. ಉಲ್ಲೇಖಗಳೂ ಹಾಗೆಯೇ. ತರಗತಿಯಲ್ಲಿ ಏನು ಕಲಿಸುತ್ತಾರೆ ಎಂಬುದನ್ನು ನೇರವಾಗಿ ಅಳೆಯುವ ಒಂದೂ ಅಂಕ ಅಲ್ಲಿರಲಿಲ್ಲ. ಸಮುದ್ರದ ಮಾತಂತೂ ಇಲ್ಲವೇ ಇಲ್ಲ.

ತಂದೆ ಸ್ವಲ್ಪ ಹೊತ್ತು ಹಾಳೆಯನ್ನು ನೋಡಿ, "ಬಂದರಿಗೆ ಬಂದ ಒಟ್ಟು ಮೀನಿನ ಲೆಕ್ಕ ನೋಡಿ ಒಂದು ದೋಣಿಗೆ ಸೇರಿಕೊಂಡ ಹಾಗಾಯಿತು" ಎಂದರು. ನಾನು ಎಷ್ಟು ವಿವರಿಸಿದ್ದರೂ ಇಷ್ಟು ಸ್ಪಷ್ಟವಾಗಿ ಹೇಳಲಾಗುತ್ತಿರಲಿಲ್ಲ.

ಆ ಸಂಶೋಧನಾ ಸಂಸ್ಥೆ ಪಟ್ಟಿಯಲ್ಲಿ ಏಕಿಲ್ಲ ಎಂಬುದಕ್ಕೂ ಅಂದೇ ಉತ್ತರ ಹುಡುಕಿದೆವು. ಕ್ಯೂಎಸ್‌ನಂಥದ್ದೇ ಇನ್ನೊಂದು ಜಾಗತಿಕ ಪಟ್ಟಿಯಾದ ಟೈಮ್ಸ್ ಹೈಯರ್ ಎಜುಕೇಷನ್ ಪಟ್ಟಿಯ ನಿಯಮ ಬಹಳ ಸ್ಪಷ್ಟವಾಗಿದೆ. ಪದವಿ ತರಗತಿ ನಡೆಸದ ಸಂಸ್ಥೆ, ಐದು ವರ್ಷದಲ್ಲಿ ಸಾವಿರಕ್ಕಿಂತ ಕಡಿಮೆ ಸಂಶೋಧನಾ ಲೇಖನ ಪ್ರಕಟಿಸಿದ ಸಂಸ್ಥೆ, ಶೇ 80ಕ್ಕಿಂತ ಹೆಚ್ಚು ಸಂಶೋಧನೆ ಒಂದೇ ವಿಷಯಕ್ಷೇತ್ರದಲ್ಲಿರುವ ಸಂಸ್ಥೆ ಅದರ ಪರಿಗಣನೆಗೆ ಬರುವುದಿಲ್ಲ. ಚೀನಾದಲ್ಲಿ 2003ರಲ್ಲಿ ಶುರುವಾದ ಶಾಂಘೈ ಪಟ್ಟಿಯಲ್ಲಿ 30 ಅಂಕ ನೊಬೆಲ್ ಮತ್ತು ಗಣಿತದ ಫೀಲ್ಡ್ಸ್ ಪುರಸ್ಕೃತರಿಗೇ ಮೀಸಲು. ಈಗ ನಮ್ಮ ಕರಾವಳಿಯನ್ನು ನೋಡಿ. ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇದೆ. ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಸಂಶೋಧನಾ ಯಾನದ ಬೆನ್ನಿಗೇ 1966ರ ಜನವರಿ 1ರಂದು ಹುಟ್ಟಿದ್ದು. ಸಂಶೋಧನಾ ಹಡಗುಗಳಿರುವ ಸಂಸ್ಥೆ ಅದು. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಕಾರವಾರದಲ್ಲೇ ಇದೆ. ಇವು ವಿಶ್ವವಿದ್ಯಾಲಯಗಳಲ್ಲ, ಆದ್ದರಿಂದ ವಿಶ್ವವಿದ್ಯಾಲಯಗಳ ಪಟ್ಟಿಗೆ ಬರುವುದಿಲ್ಲ. ಪರೀಕ್ಷೆಗೇ ಕೂರದವರ ಹೆಸರು ಫಲಿತಾಂಶದಲ್ಲಿ ಕಾಣದಿದ್ದರೆ ಅನುತ್ತೀರ್ಣರೆಂದು ತಿಳಿಯುವಂತಿಲ್ಲ.

ತಂದೆ ಕೇಳಿದ ಮುಂದಿನ ಪ್ರಶ್ನೆ ನನಗೆ ಇಡೀ ಪ್ರಕರಣದಲ್ಲೇ ಮುಖ್ಯವೆನಿಸಿತು. ಸಂಶೋಧನೆಯನ್ನು ವಿಶ್ವವಿದ್ಯಾಲಯಗಳ ಹೊರಗಿಟ್ಟು ನಮ್ಮ ದೇಶ ಹೀಗೇಕೆ ಮಾಡಿಕೊಂಡಿತು?

ನಮ್ಮ ಮೊದಲ ಆಧುನಿಕ ವಿಶ್ವವಿದ್ಯಾಲಯಗಳಾದ ಕಲ್ಕತ್ತಾ, ಬಾಂಬೆ, ಮದ್ರಾಸ್ 1857ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಹುಟ್ಟಿದವು. ಕಾಲೇಜುಗಳು ಕಲಿಸಬೇಕು, ವಿಶ್ವವಿದ್ಯಾಲಯ ಪರೀಕ್ಷೆ ನಡೆಸಬೇಕು. ಸ್ವಾತಂತ್ರ್ಯದ ನಂತರ ಸಂಶೋಧನೆಯ ದೊಡ್ಡ ಭಾಗ ಸಿಎಸ್‌ಐಆರ್, ಅಣುಶಕ್ತಿ, ಬಾಹ್ಯಾಕಾಶ, ಕೃಷಿ ಸಂಶೋಧನಾ ಪರಿಷತ್ತಿನ ಪ್ರಯೋಗಾಲಯಗಳಿಗೆ ಹೋಯಿತು. 2020–21ರಲ್ಲಿ ಭಾರತ ಸಂಶೋಧನೆಗೆ ಖರ್ಚು ಮಾಡಿದ್ದು ದೇಶದ ಒಟ್ಟು ಉತ್ಪನ್ನದ ಶೇ 0.64 ಮಾತ್ರ. ಆ ಸಣ್ಣ ಮೊತ್ತದಲ್ಲೂ ಉನ್ನತ ಶಿಕ್ಷಣ ವಲಯದ ಪಾಲು ಶೇ 9ರಷ್ಟು. ಹಣ, ಉಪಕರಣ, ಹಡಗು, ವಿಜ್ಞಾನಿ ಎಲ್ಲ ಒಂದು ಕಡೆ. ಯುವಜನರು ಇನ್ನೊಂದು ಕಡೆ. ಎರಡನ್ನೂ ಒಂದೇ ಆವರಣದಲ್ಲಿ ಇಟ್ಟುಕೊಂಡ ದೇಶಗಳ ಎದುರು ನಮ್ಮ ವಿಶ್ವವಿದ್ಯಾಲಯಗಳನ್ನು ನಿಲ್ಲಿಸಿದರೆ ಸ್ಥಾನ ಎಲ್ಲಿ ಬರುತ್ತದೆ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ದೂರ ಹೋಗಬೇಕಾಗಿಲ್ಲ, ಕಾರವಾರ ಪಟ್ಟಣವೊಂದೇ ಸಾಕು. ಅಲ್ಲಿನ ಕಲಾ, ವಿಜ್ಞಾನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ಎಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ವೈದ್ಯಕೀಯ ಕಾಲೇಜು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯಕ್ಕೆ. ಘಟ್ಟ ಹತ್ತಿದರೆ ಶಿರಸಿಯ ಅರಣ್ಯ ಮಹಾವಿದ್ಯಾಲಯ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ಒಂದೇ ಜಿಲ್ಲೆಯ ವಿದ್ಯೆ ನಾಲ್ಕು ಹೆಸರಿನಲ್ಲಿ ಹಂಚಿಹೋಗಿದೆ. ಫ್ರಾನ್ಸ್‌ಗೂ ಇದೇ ತೊಂದರೆ ಇತ್ತು. ಅವರು ಪ್ಯಾರಿಸ್ ಸುತ್ತಲಿನ ಹಲವು ಸಂಸ್ಥೆಗಳನ್ನು ಪ್ಯಾರಿಸ್–ಸಾಕ್ಲೇ ಎಂಬ ಒಂದೇ ವಿಶ್ವವಿದ್ಯಾಲಯವಾಗಿ ಕೂಡಿಸಿದರು. 2020ರ ಶಾಂಘೈ ಪಟ್ಟಿಯಲ್ಲಿ ಅದು ನೇರವಾಗಿ 14ನೇ ಸ್ಥಾನಕ್ಕೆ ಬಂತು. ಅಲ್ಲಿನ ಗಣಿತಜ್ಞರು ಒಂದು ರಾತ್ರಿಯಲ್ಲಿ ಜಾಣರಾಗಿರಲಿಲ್ಲ, ಲೆಕ್ಕ ಬರೆಯುವ ಖಾತೆ ಒಂದಾಗಿತ್ತು.

ಜೂನ್ 27

ಪ್ರಕರಣ ತಿರುವು ಪಡೆದದ್ದು ಕ್ಯೂಎಸ್ ಹೊಸ ಪಟ್ಟಿ ಪ್ರಕಟಿಸಿದ 2023ರ ಜೂನ್ 27ರಂದು. ಆ ವರ್ಷ ಸೂತ್ರವನ್ನೇ ಬದಲಿಸಿದ್ದರು. ವಿದ್ವಾಂಸರ ಅಭಿಪ್ರಾಯ 40ರಿಂದ 30ಕ್ಕೆ, ಅಧ್ಯಾಪಕ–ವಿದ್ಯಾರ್ಥಿ ಅನುಪಾತ 20ರಿಂದ 10ಕ್ಕೆ ಇಳಿಯಿತು. ಉದ್ಯೋಗದಾತರ ಅಭಿಪ್ರಾಯ 15ಕ್ಕೆ ಏರಿತು. ಸುಸ್ಥಿರತೆ, ಉದ್ಯೋಗ ಫಲಿತಾಂಶ, ಅಂತರರಾಷ್ಟ್ರೀಯ ಸಂಶೋಧನಾ ಸಂಪರ್ಕ ಎಂಬ ಮೂರು ಹೊಸ ಮಾನದಂಡಗಳಿಗೆ ತಲಾ 5 ಅಂಕ ಬಂತು. ಭಾರತೀಯ ವಿಜ್ಞಾನ ಸಂಸ್ಥೆ 155ರಿಂದ 225ಕ್ಕೆ ಇಳಿಯಿತು. ಐಐಟಿ ಬಾಂಬೆ 172ರಿಂದ 149ಕ್ಕೆ ಏರಿತು. ಒಂದು ವರ್ಷದಲ್ಲಿ ಎಪ್ಪತ್ತು ಸ್ಥಾನದಷ್ಟು ವಿದ್ಯೆ ಬೆಂಗಳೂರಿನ ಆ ಆವರಣದಿಂದ ಸೋರಿಹೋಗುವುದು ಸಾಧ್ಯವಿಲ್ಲ ಎಂಬುದು ಯಾರಿಗಾದರೂ ಹೊಳೆಯುವ ಸಂಗತಿ.

ನಮ್ಮ ಹುಡುಗಿಗೆ ಪ್ರವೇಶ ನೀಡಿದ್ದ ವಿಶ್ವವಿದ್ಯಾಲಯವೂ ಹಲವು ಸ್ಥಾನ ಕೆಳಗಿಳಿದಿತ್ತು. ಎರಡೇ ದಿನದಲ್ಲಿ ಏಜೆಂಟರ ಕರೆ ಬಂತು. ಈ ಬಾರಿ ಮೇಲೇರಿದ ಇನ್ನೊಂದು ವಿಶ್ವವಿದ್ಯಾಲಯವಿದೆ, ಶುಲ್ಕ ಹೆಚ್ಚುಕಡಿಮೆ ಅಷ್ಟೇ, ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸೋಣ ಎಂದರು. ಅಲ್ಲಿ ಕೋರ್ಸು ಯಾವುದು ಎಂದು ಹುಡುಗಿ ಕೇಳಿದಳು. "ಅದೇ ತರಹದ್ದು ಒಂದಿದೆ" ಎಂಬ ಉತ್ತರ ಬಂತು. ಮಾವನೂ ಆ ಕರೆಯಲ್ಲಿದ್ದರು. ಅಲ್ಲಿಯವರೆಗೆ ಏಜೆಂಟರ ಪರವಾಗಿಯೇ ಮಾತನಾಡುತ್ತಿದ್ದ ಅವರು ಆ ಉತ್ತರ ಕೇಳಿ ಸುಮ್ಮನಾದರು. ಕೋರ್ಸಿನಲ್ಲಿ ಏನಿದೆ ಎಂದು ನೋಡದೆ 40 ಲಕ್ಷದ ಮಾತಾಡುತ್ತಿದ್ದೇವೆ ಎಂಬುದು ಎಲ್ಲರಿಗೂ ಒಟ್ಟಿಗೇ ಅರಿವಾದ ಗಳಿಗೆ ಅದು.

ಈ ಪಟ್ಟಿಗಳನ್ನು ಸುಳ್ಳೆಂದು ತಳ್ಳಿಹಾಕುವ ಕಡೆಗೆ ನಾನು ಅವರನ್ನು ಒಯ್ಯಲಿಲ್ಲ. ಆದರೆ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಹೇಳಿದೆ. ಪಟ್ಟಿ ತಯಾರಿಸುವ ಕಂಪನಿಗಳು ವಿಶ್ವವಿದ್ಯಾಲಯಗಳಿಗೆ ಸಲಹಾ ಸೇವೆಯನ್ನೂ ಮಾರುತ್ತವೆ. ಅಂಕಿ ಅಂಶಗಳಲ್ಲಿ ದೊಡ್ಡ ಪಾಲನ್ನು ವಿಶ್ವವಿದ್ಯಾಲಯಗಳೇ ಒದಗಿಸುತ್ತವೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಅಲ್ಲಿನ ರಾಷ್ಟ್ರೀಯ ಪಟ್ಟಿಯೊಂದರಲ್ಲಿ 2ನೇ ಸ್ಥಾನದಲ್ಲಿತ್ತು. ಅದರ ಗಣಿತ ಪ್ರಾಧ್ಯಾಪಕರೊಬ್ಬರೇ ಅಂಕಿಗಳನ್ನು ಪ್ರಶ್ನಿಸಿದ ಮೇಲೆ 2022ರಲ್ಲಿ 18ಕ್ಕೆ ಇಳಿಯಿತು. 2020ರಲ್ಲಿ ನಮ್ಮ ಏಳು ಐಐಟಿಗಳು ಪಾರದರ್ಶಕತೆ ಸಾಲದೆಂದು ಟೈಮ್ಸ್ ಪಟ್ಟಿಯಿಂದ ಹೊರಗುಳಿದವು.

ವಿಭಾಗಕ್ಕೆ ಕೇಳಿದ ಪ್ರಶ್ನೆಗಳು

ಇದಾದ ಮೇಲೆ ಹುಡುಗಿಯೇ ಮುಂದಾಳತ್ವ ವಹಿಸಿದಳು. ಬ್ರಿಟನ್ನಿನ ಆ ಕೋರ್ಸಿನ ನಿರ್ದೇಶಕರಿಗೆ ನೇರವಾಗಿ ಮಿಂಚಂಚೆ ಬರೆದಳು. ವರ್ಷದಲ್ಲಿ ಎಷ್ಟು ದಿನ ಕಡಲಿನಲ್ಲಿ ಕೆಲಸವಿರುತ್ತದೆ? ಪ್ರಬಂಧಕ್ಕೆ ಸ್ವಂತ ಮಾದರಿ ಸಂಗ್ರಹಿಸಬಹುದೇ, ಇಲ್ಲ ಸಿದ್ಧ ಮಾಹಿತಿಯ ಮೇಲೆ ಬರೆಯಬೇಕೇ? ತರಗತಿಯಲ್ಲಿ ಎಷ್ಟು ಮಂದಿ? ಕಳೆದ ವರ್ಷ ಓದಿದ ಭಾರತೀಯರು ಈಗ ಯಾವ ಕೆಲಸದಲ್ಲಿದ್ದಾರೆ?

ಉತ್ತರ ಸೌಜನ್ಯದಿಂದಲೂ ಪ್ರಾಮಾಣಿಕವಾಗಿಯೂ ಇತ್ತು. ಕ್ಷೇತ್ರಕಾರ್ಯ ಒಂದು ವಾರ. ಪ್ರಬಂಧಗಳು ಬಹುಪಾಲು ಲಭ್ಯ ಮಾಹಿತಿಯನ್ನು ಆಧರಿಸಿರುತ್ತವೆ. ತರಗತಿಯಲ್ಲಿ ನೂರರ ಸುಮಾರಿಗೆ ವಿದ್ಯಾರ್ಥಿಗಳು. ಉದ್ಯೋಗದ ವಿವರ ಕೋರ್ಸಿನ ಮಟ್ಟದಲ್ಲಿ ಲಭ್ಯವಿಲ್ಲ. ಕರಾವಳಿ ನೀತಿ, ಯೋಜನೆ, ನಿರ್ವಹಣೆಯ ಕೆಲಸಕ್ಕೆ ಹೋಗಬಯಸುವವರಿಗೆ ಅದು ಒಳ್ಳೆಯ ಕೋರ್ಸು ಎಂದೇ ನನಗೆ ಅನ್ನಿಸಿತು. ಕೆಸರಿನಲ್ಲಿ ಕೈಯಿಟ್ಟು ಜೀವಿಗಳನ್ನು ಎಣಿಸುವ ಹಂಬಲವುಳ್ಳ ಈ ಹುಡುಗಿಗೆ ಅದು ಹೊಂದುತ್ತಿರಲಿಲ್ಲ.

ಅದೇ ವಾರ ವಿಷಯವಾರು ಪಟ್ಟಿಗಳನ್ನು ತೆರೆದು ನೋಡಿದೆವು. ಶಾಂಘೈ ಸಂಸ್ಥೆ ಸಮುದ್ರ ವಿಜ್ಞಾನಕ್ಕೇ ಪ್ರತ್ಯೇಕ ಪಟ್ಟಿ ಮಾಡುತ್ತದೆ. ಚೀನಾದ ಚಿಂಗ್‌ದಾವ್ ನಗರದ ಸಾಗರ ವಿಶ್ವವಿದ್ಯಾಲಯ ಅದರ ಮೇಲಿನ ಸಾಲುಗಳಲ್ಲಿದೆ. ಒಟ್ಟು ಪಟ್ಟಿಗಳಲ್ಲಿ ಅದನ್ನು ಬಹಳ ಕೆಳಗೆ ಹುಡುಕಬೇಕು. ಬ್ರಿಟನ್ನಿನ ಪ್ಲಿಮತ್ ನಗರದಲ್ಲಿ 1888ರಿಂದಲೂ ಸಾಗರ ಜೀವಶಾಸ್ತ್ರದ ಪ್ರಯೋಗಾಲಯವಿದೆ, ಕಡಲ ಅಧ್ಯಯನದಲ್ಲಿ ಆ ಊರಿನ ವಿಶ್ವವಿದ್ಯಾಲಯಕ್ಕೆ ದೊಡ್ಡ ಹೆಸರಿದೆ. ಕ್ಯೂಎಸ್‌ನ ಒಟ್ಟು ಪಟ್ಟಿಯಲ್ಲಿ ಅದು 500ರ ಆಚೆ. ಏಜೆಂಟರು 200ಕ್ಕೆ ಗೆರೆ ಎಳೆದಾಗಲೇ ಇಂಥವೆಲ್ಲ ಕಣ್ಣಿಗೆ ಬೀಳುವ ಮುನ್ನವೇ ಹೊರಗೆ ಹೋಗಿದ್ದವು. ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನದಲ್ಲಿ ಸಾಗರ ಜೀವಶಾಸ್ತ್ರದ ಕೋರ್ಸೂ ಇದೆ, ಶುಲ್ಕವಿಲ್ಲದೆ ಓದಬಹುದು. ಅದಕ್ಕೆ ಅರ್ಜಿ ಹಾಕುವ ಸಮಯ ಚಳಿಗಾಲದಲ್ಲೇ ಮುಗಿದುಹೋಗಿತ್ತು. ಈ ಪ್ರಕರಣದಲ್ಲಿ ನಿಜವಾಗಿ ಕಳೆದುಹೋದ ಅವಕಾಶವೆಂದರೆ ಇದೇ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಸಂಸ್ಥೆಗೆ ಹೋಗಿ ನೋಡಿದ್ದು

ಜುಲೈ ಮೊದಲ ವಾರದಲ್ಲಿ ತಂದೆ, ಮಗಳು ಇಬ್ಬರೂ ರೈಲು ಹತ್ತಿ ಆ ಸಂಶೋಧನಾ ಸಂಸ್ಥೆಗೆ ಹೋಗಿಬಂದರು. ವಿಜ್ಞಾನಿಯನ್ನು ಕಾಣುವ ಮೊದಲು ಅಲ್ಲಿನ ಸಂಶೋಧನಾ ವಿದ್ಯಾರ್ಥಿಗಳನ್ನು ಕಂಡು ಮಾತನಾಡಿ ಎಂದು ನಾನು ಹೇಳಿದ್ದೆ. ನಮ್ಮ ಕರಾವಳಿಯವಳೇ ಆದ ಒಬ್ಬಾಕೆ ಏನನ್ನೂ ಮುಚ್ಚಿಡದೆ ಹೇಳಿದಳು: ಶಿಷ್ಯವೇತನ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ, ಹಾಸ್ಟೆಲ್ ಸಿಗುವುದು ಕಷ್ಟ, ಪಿಎಚ್‌.ಡಿ. ಐದಾರು ವರ್ಷ ಹಿಡಿಯುತ್ತದೆ, ಮುಗಿದ ಮೇಲೆ ಕಾಯಂ ಹುದ್ದೆ ಸಿಗುವ ಖಾತ್ರಿ ಇಲ್ಲ. ಅವಳೇ ಪ್ರಯೋಗಾಲಯ, ಮಾದರಿ ಸಂಗ್ರಹದ ಕೊಠಡಿ, ಕಡಲಿಗೆ ಹೋಗುವ ಸರದಿಯ ಪಟ್ಟಿಯನ್ನೂ ತೋರಿಸಿದಳು. ಆ ಸರದಿಯ ಪಟ್ಟಿಯಲ್ಲಿ ಹೊಸಬರ ಹೆಸರೂ ಇತ್ತು.

ಹಿಂತಿರುಗಿ ಬಂದ ತಂದೆ ಮೊದಲು ಹೇಳಿದ್ದು ಹಾಸ್ಟೆಲ್ ವಿಷಯ. ಹೆಣ್ಣುಮಕ್ಕಳ ತಂದೆಗೆ ಅದು ಸಣ್ಣ ಸಂಗತಿಯಲ್ಲ. ಸೋದರ ಸಂಬಂಧಿಗಳ ಮನೆ ಆ ಊರಿಗೆ ಹತ್ತಿರವಿದ್ದುದರಿಂದ ಅದು ಬಗೆಹರಿಯಿತು. ಇಂಥ ಕಾರಣಗಳೂ ತೀರ್ಮಾನವನ್ನು ತೂಗುತ್ತವೆ. ಅವನ್ನು ಬಿಟ್ಟು ಬರೆದರೆ ಪ್ರಕರಣ ಅಧ್ಯಯನ ಪ್ರಾಮಾಣಿಕವಾಗುವುದಿಲ್ಲ.

ತೀರ್ಮಾನ

ಮುಂಗಡ ಶುಲ್ಕ ಕಟ್ಟುವ ಕೊನೆಯ ದಿನದ ಮೊದಲು ಅವರು ಬ್ರಿಟನ್ನಿನ ವಿಶ್ವವಿದ್ಯಾಲಯಕ್ಕೆ ಬರೆದು ಪ್ರವೇಶವನ್ನು ಒಂದು ವರ್ಷ ಮುಂದೂಡುವಂತೆ ಕೇಳಿದರು. ಒಪ್ಪಿಗೆ ಸಿಕ್ಕಿತು. ಇದು ಹುಡುಗಿಯ ಸೂಚನೆ. ಬಾಗಿಲು ಮುಚ್ಚದೆ ಇಲ್ಲಿ ಒಂದು ವರ್ಷ ಕೆಲಸ ಮಾಡಿ ನೋಡುತ್ತೇನೆ, ಹೊಂದದಿದ್ದರೆ ಹೊರಡುತ್ತೇನೆ ಎಂದಳು. ಮಾವನಿಗೂ ಅದು ಒಪ್ಪಿಗೆಯಾಯಿತು. ಮನೆಯೊಳಗಿನ ಮನಸ್ತಾಪ ಕರಗಿದ್ದು ಈ ಮುಂದೂಡಿಕೆಯಿಂದ ಎಂದು ನನಗೆ ಅನ್ನಿಸುತ್ತದೆ.

ನೆಟ್ ಫಲಿತಾಂಶದಲ್ಲಿ ಅವಳಿಗೆ ಅಧ್ಯಾಪಕ ಹುದ್ದೆಯ ಅರ್ಹತೆ ಸಿಕ್ಕಿತು, ಕಿರಿಯ ಸಂಶೋಧನಾ ಶಿಷ್ಯವೇತನ ಸಿಗಲಿಲ್ಲ. ಯೋಜನಾ ಸಹಾಯಕಿಯಾಗಿ ಸೇರಿದಳು. ತಿಂಗಳಿಗೆ 31,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಮತ್ತೆ ಪರೀಕ್ಷೆ ಬರೆದು 37,000 ರೂಪಾಯಿಯ ಶಿಷ್ಯವೇತನ ಪಡೆದು ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡಳು. ಮುಂದೂಡಿದ್ದ ಪ್ರವೇಶವನ್ನು ಬಳಸಲಿಲ್ಲ. ಮನೆ ಅಡವಿಗೆ ಹೋಗಲಿಲ್ಲ.

ಬ್ರಿಟನ್ 2024ರ ಏಪ್ರಿಲ್‌ನಲ್ಲಿ ಕುಶಲ ಕೆಲಸಗಾರರ ವೀಸಾಕ್ಕೆ ಬೇಕಾದ ಸಾಮಾನ್ಯ ಸಂಬಳದ ಮಿತಿಯನ್ನು 26,200 ಪೌಂಡಿನಿಂದ 38,700ಕ್ಕೆ ಏರಿಸಿತು. ಅವಳು ಹೋಗಿದ್ದರೆ ಸಾಲ ತೀರಿಸುವ ದಾರಿ ಕಿರಿದಾಗುತ್ತಿತ್ತು. ಹಾಗೆಂದು ಇದನ್ನು ತೀರ್ಮಾನದ ಸಮರ್ಥನೆಗೆ ಬಳಸುವುದು ಸರಿಯಲ್ಲ. 2023ರ ಜುಲೈನಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ತೀರ್ಮಾನ ಸರಿಯೋ ತಪ್ಪೋ ಎಂಬುದನ್ನು ಅಂದು ಕೈಯಲ್ಲಿದ್ದ ಮಾಹಿತಿಯಿಂದಲೇ ಅಳೆಯಬೇಕು.

ತೆತ್ತ ಬೆಲೆ

ಪಟ್ಟಿಯನ್ನು ಬದಿಗಿಟ್ಟದ್ದಕ್ಕೆ ಬೆಲೆ ತೆರಬೇಕಾಗಿ ಬಂದದ್ದೂ ನಿಜ. ಎರಡು ವರ್ಷದ ಬಳಿಕ ಅವಳು ಯುರೋಪಿನ ಒಂದು ಬೇಸಿಗೆ ತರಬೇತಿಗೆ ಅರ್ಜಿ ಹಾಕಲು ಹೊರಟಳು. ಅಭ್ಯರ್ಥಿಯ ಪದವಿ ಜಾಗತಿಕ ಪಟ್ಟಿಯ ಮೊದಲ 500ರೊಳಗಿನ ವಿಶ್ವವಿದ್ಯಾಲಯದ್ದಾಗಿರಬೇಕು ಎಂಬ ನಿಯಮ ಅಲ್ಲಿತ್ತು. ಅವಳ ಸಂಶೋಧನೆ ಏನು ಎಂದು ಯಾರೂ ಓದುವ ಮೊದಲೇ ಅರ್ಜಿ ಹೊರಬಿತ್ತು. ಅಂದು ಫೋನಿನಲ್ಲಿ, "ಸರ್, ನಾನು ಕೆಲಸ ಮಾಡುವ ಜಾಗಕ್ಕೆ ಅಲ್ಲಿ ಹೆಸರೇ ಇಲ್ಲ" ಎಂದಳು. ಅವಳ ದನಿಯಲ್ಲಿ ಸಿಟ್ಟಿತ್ತು. ಅದು ನ್ಯಾಯವಾದ ಸಿಟ್ಟು.

ಇಂಥ ನಿಯಮಗಳು ಹೆಚ್ಚುತ್ತಿವೆ. ಬ್ರಿಟನ್ 2022ರ ಮೇ 30ರಂದು ಆರಂಭಿಸಿದ ಪ್ರತಿಭಾವಂತರ ವೀಸಾಕ್ಕೆ ಆರಂಭದಲ್ಲಿ ಮೂರು ಪ್ರಮುಖ ಪಟ್ಟಿಗಳಲ್ಲಿ ಕನಿಷ್ಠ ಎರಡರ ಮೊದಲ 50ರೊಳಗಿನ ವಿಶ್ವವಿದ್ಯಾಲಯದ ಪದವಿ ಬೇಕಿತ್ತು. ಮೊದಲ ವರ್ಷದ ಯಾದಿಯಲ್ಲಿ ಭಾರತದ ಒಂದೂ ಇರಲಿಲ್ಲ. ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗವೇ (ಯುಜಿಸಿ) 2023ರ ನಿಯಮಾವಳಿಯಲ್ಲಿ ಭಾರತಕ್ಕೆ ಬರುವ ವಿದೇಶಿ ವಿಶ್ವವಿದ್ಯಾಲಯಗಳಿಗೆ ಮೊದಲ 500ರ ಅಳತೆಯನ್ನು ಇಟ್ಟಿದೆ. 2017ರ ಶ್ರೇಷ್ಠತಾ ಸಂಸ್ಥೆಗಳ ಯೋಜನೆಯ ಗುರಿಯೂ ಪಟ್ಟಿಯ 500ರೊಳಗೆ, ಮುಂದೆ ನೂರರೊಳಗೆ ಬರುವುದೇ ಆಗಿತ್ತು. ಹೀಗಾಗಿ ಘಟಕದಲ್ಲಿ ನಾವು ಈಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳುತ್ತೇವೆ. ಒಂದು, ಮುಂದೆ ನೀನು ಹೋಗಬಯಸುವ ದಾರಿಯಲ್ಲಿ ರ‍್ಯಾಂಕನ್ನು ಅರ್ಹತೆಯಾಗಿ ಕೇಳುವ ವೀಸಾ, ವಿದ್ಯಾರ್ಥಿವೇತನ, ಕಂಪನಿ ಇದೆಯೇ? ಇದ್ದರೆ ಯಾವ ಪಟ್ಟಿ, ಯಾವ ಮಿತಿ ಎಂದು ಬರೆದುಕೊ. ಎರಡು, ನಿನಗೆ ಕಲಿಸುವವರು ಯಾರು, ಎಲ್ಲಿ, ಯಾವ ಉಪಕರಣದ ಮೇಲೆ? ಎರಡನೆಯದಕ್ಕೆ ಯಾವ ಪಟ್ಟಿಯಲ್ಲೂ ಉತ್ತರ ಸಿಗುವುದಿಲ್ಲ, ವಿಭಾಗಕ್ಕೇ ಬರೆಯಬೇಕು.

ಅದೇ ವರ್ಷ ಕುಮಟಾ ಕಡೆಯ ಒಬ್ಬ ಹುಡುಗ ಕಂಪ್ಯೂಟರ್ ವಿಜ್ಞಾನದಲ್ಲಿ ರ‍್ಯಾಂಕ್ ನೋಡಿಯೇ ವಿದೇಶಕ್ಕೆ ಹೋದ. ಅವನು ಸೇರಬಯಸಿದ್ದ ಕಂಪನಿಗಳು ವಿಶ್ವವಿದ್ಯಾಲಯದ ಹೆಸರನ್ನು ನೋಡಿಯೇ ಸಂದರ್ಶನಕ್ಕೆ ಕರೆಯುತ್ತಿದ್ದವು. ಅವನ ಲೆಕ್ಕ ಸರಿಯಾಗಿತ್ತು.

ಇನ್ನೊಂದು ಮಾತನ್ನು ಅಧ್ಯಾಪಕ ಮಿತ್ರರಿಗೆ ಹೇಳಬೇಕು. ನಮ್ಮ ದೇಶದ ಸ್ಥಾನ ಸುಧಾರಿಸುತ್ತಿದೆ. 2026ರ ಕ್ಯೂಎಸ್ ಆವೃತ್ತಿಯಲ್ಲಿ ಭಾರತದ 54 ಸಂಸ್ಥೆಗಳಿವೆ, ಐಐಟಿ ದೆಹಲಿ 123ನೇ ಸ್ಥಾನದಲ್ಲಿದೆ. ಸಂತೋಷ ಪಡಬೇಕಾದದ್ದೇ. ಆದರೆ ಆ 54ರ ಸುದ್ದಿ ಓದಿದ ನಮ್ಮ ಮಕ್ಕಳಿಗೆ ಮನೆಯಿಂದ ಕೂಗಳತೆಯ ದೂರದಲ್ಲಿರುವ ಸಂಶೋಧನಾ ಕೇಂದ್ರ ಕಾಣುವುದೇ ಇಲ್ಲ. ಕಾರವಾರದ ಕೇಂದ್ರದಲ್ಲಿ ಸಾಗರ ಮೀನುಗಳ ಅಧ್ಯಯನ ನಡೆಯುತ್ತದೆ ಎಂಬುದು ಕರಾವಳಿಯ ಬಿ.ಎಸ್ಸಿ. ವಿದ್ಯಾರ್ಥಿಗಳಿಗೇ ಗೊತ್ತಿಲ್ಲದಿದ್ದರೆ ಅದನ್ನು ಯಾವ ಶ್ರೇಯಾಂಕವೂ ತಿಳಿಸಿಕೊಡುವುದಿಲ್ಲ, ನಾವೇ ತಿಳಿಸಬೇಕು. ಪ್ರಯೋಗಾಲಯಗಳೂ ಕಾಲೇಜುಗಳೂ ಕೈಜೋಡಿಸದೆ ಪಟ್ಟಿಯಲ್ಲಿ ಮೇಲೇರುವ ಮಾತಿಗೆ ಬುಡ ಇರುವುದಿಲ್ಲ ಎಂದು ನಾನು ನಂಬಿದ್ದೇನೆ.

ಘಟಕದ ಕೆಲಸವನ್ನು ಈಗ ಜೂನ್ ಬದಲು ಅಕ್ಟೋಬರ್‌ನಲ್ಲೇ ಆರಂಭಿಸುತ್ತೇವೆ. ಎರಾಸ್ಮಸ್ ಮುಂಡಸ್‌ನ ಬಹುತೇಕ ಕೋರ್ಸುಗಳ ಅರ್ಜಿ ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿದುಹೋಗುತ್ತದೆ. ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಅದಕ್ಕೂ ಮೊದಲು ಒಂದು ಸಂಶೋಧನಾ ಕೇಂದ್ರಕ್ಕೆ ಕರೆದೊಯ್ಯುತ್ತೇವೆ. ಕಳೆದ ಬಾರಿ ಅವರಿಗೆ ಪ್ರಯೋಗಾಲಯ ತೋರಿಸಿದವಳು ಈ ಪ್ರಕರಣದ ಹುಡುಗಿಯೇ. ಶಿಷ್ಯವೇತನ ತಡವಾಗುವ ಸಂಗತಿಯನ್ನೂ ಅವಳು ಅವರಿಂದ ಮುಚ್ಚಿಡಲಿಲ್ಲ.